ನೆಲದ ಬಲ, ತೆಳುವಾದ ಕಾವಲು: ಒಂದೇ ದಿನ ಸಿಕ್ಕರೆ ಯಾವ ಕೋಟೆಗೆ ಹೋಗಬೇಕು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕೋಟೆಗಳಿಗೆ ಬರವಿಲ್ಲ, ಬರವಿರುವುದು ಸಮಯಕ್ಕೆ ಮತ್ತು ಹಣಕ್ಕೆ. ಇತಿಹಾಸ ಕಲಿಸುವ ಶಿಕ್ಷಕರು, ಎಂ.ಎ. ವಿದ್ಯಾರ್ಥಿಗಳು, ಸೈನ್ಯದ ಭರ್ತಿಗೆ ತಯಾರಿ ನಡೆಸಿರುವ ಯುವಕರು ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಯುದ್ಧದಲ್ಲಿ ನೆಲದ ಪಾತ್ರವೇನು, ಸೈನಿಕರು ಕಡಿಮೆ ಇರುವಾಗ ಉದ್ದನೆಯ ಸಾಲನ್ನು ಹೇಗೆ ಕಾಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ತಿಳಿಯಬೇಕಾದರೆ ಇವುಗಳಲ್ಲಿ ಯಾವುದಕ್ಕೆ ಹೋಗಬೇಕು? ಪ್ರವಾಸದ ಕೈಪಿಡಿಗಳು ಮಹಲು, ಮಸೀದಿ, ತೋಪುಗಳ (ಫಿರಂಗಿಗಳ) ಪಟ್ಟಿ ಕೊಟ್ಟು ಸುಮ್ಮನಾಗುತ್ತವೆ. ಆದ್ದರಿಂದ ಕಲಬುರಗಿ, ಮಳಖೇಡ, ಬೀದರ್, ಬಸವಕಲ್ಯಾಣ, ಯಾದಗಿರಿ ಮತ್ತು ಸುರಪುರದ ಬಳಿಯ ವಾಗಣಗೇರಾ, ಈ ಆರನ್ನೂ ಒಂದೇ ಅಳತೆಗೋಲಿನಿಂದ ಇಲ್ಲಿ ಅಳೆದು ನೋಡಿದ್ದೇನೆ.

ಮೊದಲು ಅಳತೆಗೋಲು

ನೆಲದ ಸೈನಿಕ ಬೆಲೆಯನ್ನು ಅದು ಎಷ್ಟು ಜನರನ್ನು ಉಳಿಸಿಕೊಡುತ್ತದೆ ಎಂಬುದರಿಂದ ಅಳೆಯಬೇಕು. ಸಾದಾ ಲೆಕ್ಕ ಹಾಕಿ ನೋಡಿ. ಕೋಟೆಯ ಸುತ್ತಳತೆ 3 ಕಿಲೋಮೀಟರ್ ಇದ್ದು, ಎರಡು ಮೀಟರಿಗೆ ಒಬ್ಬನಂತೆ ಗೋಡೆಯ ಮೇಲೆ ಜನರನ್ನು ನಿಲ್ಲಿಸುವುದಾದರೆ ಒಂದು ಹೊತ್ತಿಗೆ 1,500 ಜನ ಬೇಕು. ಮನುಷ್ಯರು ಉಣ್ಣಬೇಕು, ಮಲಗಬೇಕು. ಮೂರು ಪಾಳಿ ಎಂದರೆ 4,500 ಜನ. ತೋಪಿನವರು, ನೀರು ಹೊರುವವರು, ಗಾಯಾಳುಗಳನ್ನು ನೋಡಿಕೊಳ್ಳುವವರು ಈ ಲೆಕ್ಕಕ್ಕೆ ಬಂದಿಲ್ಲ. ರಾಜಧಾನಿಯಲ್ಲಿ ಇಷ್ಟು ಜನ ಇರಬಹುದು, ಆದರೆ ಗಡಿಯ ಕೋಟೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಗೋಡೆಯ ಅರ್ಧ ಭಾಗ ಕಡಿದಾದ ಬಂಡೆಯ ಅಂಚಿನಲ್ಲಿದ್ದರೆ, ಆ ಅರ್ಧಕ್ಕೆ ಕೆಲವೇ ಕಾವಲುಗಾರರು ಸಾಕು, ಉಳಿದವರನ್ನೆಲ್ಲ ಇನ್ನೊಂದು ಅರ್ಧಕ್ಕೆ ಕಳಿಸಬಹುದು. ಸುಗ್ಗಿಗೆ ಮುಂಚೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ ಕವಣೆ ಹಿಡಿದ ಒಬ್ಬನೇ ಇಡೀ ಹೊಲದ ಹಕ್ಕಿ ಕಾಯುವುದನ್ನು ಕಂಡವರಿಗೆ ಎತ್ತರ ಮಾಡುವ ಉಪಕಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದಾಗಿ, ಆ ನೆಲ ಯಾರ ಸಾಲನ್ನು ತೆಳ್ಳಗೆ ಮಾಡುತ್ತದೆ ಎಂದು ಕೇಳಬೇಕು. ಒಳಗಿನವನಿಗೆ ಗೋಡೆ ಇರುವಂತೆ ಹೊರಗಿನವನಿಗೂ ಮುತ್ತಿಗೆಯ ಸಾಲು ಇರುತ್ತದೆ, ಮತ್ತು ಅದು ಯಾವಾಗಲೂ ಗೋಡೆಗಿಂತ ಉದ್ದವಾಗಿರುತ್ತದೆ. ಗುಡ್ಡ, ಹಳ್ಳ, ಕೊರಕಲುಗಳ ನಡುವೆ ಆ ಸಾಲು ತುಂಡು ತುಂಡಾಗುತ್ತದೆ. ಮೂರನೆಯದಾಗಿ, ಒಂದು ಕಡೆ ಏಟು ಬಿದ್ದಾಗ ಮೀಸಲು ಪಡೆ ಅಲ್ಲಿಗೆ ಎಷ್ಟು ಬೇಗ ಓಡಿ ಮುಟ್ಟಬಲ್ಲದು ಎಂಬುದನ್ನು ನೋಡಬೇಕು. ತೆಳುವಾದ ಸಾಲು ಬದುಕುವುದು ಹಿಂದೆ ಕಾದು ನಿಂತವರ ಕಾಲಿನ ವೇಗದ ಮೇಲೆ. ನಾಲ್ಕನೆಯದು ನೀರು. ಇವುಗಳ ಜೊತೆಗೆ, ಇವತ್ತು ಹೋದವರಿಗೆ ಇದೆಲ್ಲ ನೆಲದ ಮೇಲೆ ಕಾಣುತ್ತದೆಯೇ, ಹೋಗಿಬರಲು ಖರ್ಚೆಷ್ಟು, ವಯಸ್ಸಾದವರು ಹತ್ತಬಲ್ಲರೇ ಎಂಬುದನ್ನೂ ತೂಗಬೇಕಾಗುತ್ತದೆ.

ಕಠಿಣವಾದ ನೆಲಕ್ಕೆ ಕಾವಲು ಬೇಡ ಎಂಬ ತಪ್ಪು ತಿಳಿವಳಿಕೆಯನ್ನು ಹೊರಡುವ ಮುಂಚೆಯೇ ಬಿಡುವುದು ಒಳ್ಳೆಯದು. 1944ರ ಡಿಸೆಂಬರಿನಲ್ಲಿ ಬೆಲ್ಜಿಯಂ ಮತ್ತು ಲಕ್ಸೆಂಬರ್ಗಿನ ಆರ್ಡೆನ್ ಕಾಡುಗುಡ್ಡಗಳಲ್ಲಿ ಅಮೆರಿಕದ ಸೈನ್ಯ ಸುಮಾರು 130 ಕಿಲೋಮೀಟರ್ ಉದ್ದದ ಮುಂಚೂಣಿಯನ್ನು ಬೆರಳೆಣಿಕೆಯ ಡಿವಿಷನ್ನುಗಳಿಗೆ (ಸಾವಿರಾರು ಸೈನಿಕರ ದಳಗಳಿಗೆ) ಬಿಟ್ಟುಕೊಟ್ಟಿತ್ತು. ಅವುಗಳಲ್ಲಿ ಕೆಲವು ಹಿಂದಿನ ಕದನಗಳಲ್ಲಿ ದಣಿದವು, ಕೆಲವು ಯುದ್ಧವನ್ನೇ ಕಾಣದವು. ಕಾಡು ಮತ್ತು ಚಳಿಗಾಲದ ದಾರಿಗಳೇ ಶತ್ರುವನ್ನು ತಡೆಯುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು. 16ರ ನಸುಕಿನಲ್ಲಿ ಜರ್ಮನರು ಅಲ್ಲಿಂದಲೇ ನುಗ್ಗಿದರು. 1999ರ ಕಾರ್ಗಿಲ್ ನಮಗೆ ಇನ್ನೂ ಹತ್ತಿರದ್ದು. ಚಳಿಗಾಲದಲ್ಲಿ ಕಾವಲು ತೆರವಾಗಿದ್ದ ಶಿಖರಗಳಲ್ಲಿ ನುಸುಳುಕೋರರು ಬಂದು ಕುಳಿತರು. ಅಲ್ಲಿಂದ ಶ್ರೀನಗರ–ಲೇಹ್ ಹೆದ್ದಾರಿ ಅವರ ಗುಂಡಿನ ಅಳತೆಯೊಳಗೆ ಸಿಕ್ಕಿತು. ತೊಲೊಲಿಂಗ್ ಮತ್ತು ಟೈಗರ್ ಹಿಲ್‌ಗಳನ್ನು ಮರಳಿ ಪಡೆಯಲು ನಮ್ಮ ಸೈನಿಕರು ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಪ್ರಾಣ ಕೊಡಬೇಕಾಯಿತು. ಕಾಯುವವರಿದ್ದಾಗ ನೂರು ಜನರ ಕೆಲಸ ಮಾಡುವ ಶಿಖರ, ಯಾರೂ ಇಲ್ಲದಾಗ ಮೊದಲು ಹತ್ತಿದವನಿಗೆ ಅದೇ ಕೆಲಸ ಮಾಡಿಕೊಡುತ್ತದೆ.

ಬಯಲಿನ ಎರಡು: ಕಲಬುರಗಿ ಮತ್ತು ಮಳಖೇಡ

ಕಲಬುರಗಿಯ ಕೋಟೆಗೆ ನೆಲ ಏನೂ ಕೊಟ್ಟಿಲ್ಲ. ಸುತ್ತಲೂ ಎರೆಭೂಮಿಯ ಬಯಲು. ಬೇಸಿಗೆಯಲ್ಲಿ ಯಾವ ದಿಕ್ಕಿನಿಂದಲಾದರೂ ಕುದುರೆ, ತೋಪು, ಒಂಟೆ ಬರಬಹುದು. ಮಳೆಗಾಲದಲ್ಲಿ ಮಾತ್ರ ಆ ಎರೆ ಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಅದು ವರ್ಷದ ಕೆಲವು ತಿಂಗಳ ರಕ್ಷಣೆಯಷ್ಟೆ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಮೇಲೆ ಇಲ್ಲಿ ನಡೆದ ಕೆಲಸವೆಲ್ಲ ನೆಲ ಕೊಡದ್ದನ್ನು ಕಲ್ಲಿನಿಂದ ಕಟ್ಟಿಕೊಳ್ಳುವ ಕೆಲಸ. ಎರಡು ಸುತ್ತಿನ ದಪ್ಪ ಗೋಡೆ, ಅಗಲವಾದ ಕಂದಕ, ಗೋಡೆಯಿಂದ ಮುಂದಕ್ಕೆ ಚಾಚಿದ ದುಂಡನೆಯ ಬುರುಜುಗಳು. ಎರಡು ಬುರುಜುಗಳ ನಡುವಿನ ಗೋಡೆಯ ಬುಡಕ್ಕೆ ಶತ್ರು ಬಂದರೆ ಎರಡೂ ಕಡೆಯಿಂದ ಅವನ ಪಕ್ಕೆಗೆ ಏಟು ಬೀಳುತ್ತದೆ, ಆದ್ದರಿಂದ ನಡುವಿನ ಗೋಡೆಯ ಮೇಲೆ ಜನ ಕಡಿಮೆಯಿದ್ದರೂ ನಡೆಯುತ್ತದೆ. ಸಾಲನ್ನು ಸಮನಾಗಿ ಹಂಚದೆ ಗಟ್ಟಿ ನೆಲೆಗಳಲ್ಲಿ ಜನರನ್ನು ಒಟ್ಟುಗೂಡಿಸುವ ಈ ಉಪಾಯವನ್ನು ಮೊದಲ ಪಾಠವಾಗಿ ಕಲಿಯಲು ಕಲಬುರಗಿಗಿಂತ ಸುಲಭವಾದ ಜಾಗ ಇಲ್ಲ.

ಒಳಗಿರುವ ಬಾಲಾ ಹಿಸಾರ್ ಅಥವಾ ರಣಮಂಡಲವನ್ನು ಮಸೀದಿಯ ಮುಂಚೆ ನೋಡಿ. ಬಯಲಿನ ನಡುವೆ ಕೃತಕವಾಗಿ ಎಬ್ಬಿಸಿದ ಗುಡ್ಡ ಅದು. ಅದರ ನೆತ್ತಿಯ ಮೇಲಿನ ತೋಪು ಗೋಡೆಯಾಚೆಯ ಬಯಲನ್ನೆಲ್ಲ ಆಳುತ್ತದೆ. ಕೋಟೆಯೊಳಗೆ ಸುಮಾರು 29 ಅಡಿ ಉದ್ದದ ಬಾರಾ ಗಜೀ ತೋಪು ಇದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಕೇಳಿಕೊಳ್ಳುವುದಿಷ್ಟೇ: ತೋಪಿನ ಬಾಯಿ ಯಾವ ಕಡೆ ತಿರುಗಬಲ್ಲದು, ಅಲ್ಲಿಂದ ಕಾಣುವ ನೆಲ ಎಷ್ಟು, ಕಾಣದ ನೆಲ ಎಷ್ಟು ಎಂದು ಮಕ್ಕಳಿಂದ ಲೆಕ್ಕ ಹಾಕಿಸಿ. ಊರೊಳಗೇ ಇರುವುದರಿಂದ ಖರ್ಚು ಆಟೋ ಬಾಡಿಗೆಯಷ್ಟೇ, ಹತ್ತುವ ತೊಂದರೆಯೂ ಇಲ್ಲ. ಕೊರತೆಯೆಂದರೆ ನಗರ ಕೋಟೆಯ ಮೈಗೇ ಅಂಟಿಕೊಂಡಿದೆ. ಒಳಗೂ ಮನೆಗಳಿವೆ. ಶತ್ರು ಬರುತ್ತಿದ್ದ ಬಯಲನ್ನು ಮನಸ್ಸಿನಲ್ಲೇ ಬಿಡಿಸಿಕೊಳ್ಳಬೇಕಾಗುತ್ತದೆ.

ಮಳಖೇಡದ ಕೋಟೆ ಕಾಗಿಣಾ ನದಿಯ ದಂಡೆಯಲ್ಲಿದೆ, ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್. ರಾಷ್ಟ್ರಕೂಟರ ಮಾನ್ಯಖೇಟ ಇದೇ. 972ರಲ್ಲಿ ಮಾಳವದ ಪರಮಾರ ಸೀಯಕ ಇದನ್ನು ಸೂರೆ ಮಾಡಿದ. ನದಿಯನ್ನು ಒಂದು ಬದಿಯ ಕಂದಕವನ್ನಾಗಿ ಬಳಸಿಕೊಂಡಾಗ ಜನ ಉಳಿಯುವುದು ನಿಜ, ಆದರೆ ಬೇಸಿಗೆಯಲ್ಲಿ ಕಾಗಿಣಾವನ್ನು ಕಂಡವರಿಗೆ ಆ ಉಳಿತಾಯ ಎಷ್ಟು ತಿಂಗಳದ್ದೆಂದು ಗೊತ್ತಾಗುತ್ತದೆ. ನದಿ ಮತ್ತು ಯುದ್ಧದ ಸಂಬಂಧವನ್ನೇ ಹುಡುಕುವವರು ಹೋಗಬಹುದು. ಒಂದೇ ಕೋಟೆ ನೋಡುವವರು ಇದನ್ನು ಬಿಟ್ಟರೆ ನಷ್ಟವಿಲ್ಲ.

ಬೀದರ್: ನೆಲ ಮತ್ತು ಕಟ್ಟಡ ಕೂಡಿ ದುಡಿಯುವ ಜಾಗ

ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಅಹ್ಮದ್ ಶಾಹ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದದ್ದಕ್ಕೆ ಹವೆ, ನೀರು, ದರಬಾರಿನ ಒಳಜಗಳ ಎಂದು ಹಲವು ಕಾರಣ ಹೇಳುತ್ತಾರೆ. ಕೋಟೆಯ ಉತ್ತರದ ಅಂಚಿನಲ್ಲಿ ನಿಂತವರಿಗೆ ಇನ್ನೊಂದು ಕಾರಣ ಕಣ್ಣಿಗೇ ಕಾಣುತ್ತದೆ. ಜಂಬಿಟ್ಟಿಗೆಯ ಪ್ರಸ್ಥಭೂಮಿ ಅಲ್ಲಿಗೆ ಥಟ್ಟನೆ ಮುಗಿದು, ಕೆಳಗೆ ದೂರದವರೆಗೆ ತಗ್ಗಿನ ಬಯಲು ಹಾಸಿಕೊಂಡಿದೆ. ಆ ಕಡೆಯಿಂದ ಬರುವ ಸೈನ್ಯವನ್ನು ಬಹಳ ಮೊದಲೇ ನೋಡಬಹುದು, ತೋಪುಗಳನ್ನು ಆ ಏರಿನಲ್ಲಿ ಎಳೆದು ತರುವುದು ಯಾರಿಗೂ ಹಗುರವಲ್ಲ. ಹಾಗಾಗಿ ಕೋಟೆಯ ಆ ಭಾಗಕ್ಕೆ ತೆಳುವಾದ ಕಾವಲು ಸಾಕಾಗುತ್ತಿತ್ತು.

ಅಪಾಯ ಇದ್ದದ್ದು ಪ್ರಸ್ಥಭೂಮಿಯ ಸಪಾಟು ನೆಲ ಕೋಟೆಗೆ ಸೇರುವ ದಕ್ಷಿಣದ ಕಡೆ. ಅಲ್ಲಿ ಕಟ್ಟಿದವರು ಮಾಡಿದ್ದನ್ನು ಸಾವಕಾಶವಾಗಿ ನೋಡಬೇಕು. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಒಂದರ ಪಕ್ಕ ಒಂದರಂತೆ ಮೂರು ಕಂದಕ ತೋಡಿದ್ದಾರೆ; ನಡುನಡುವೆ ಬಂಡೆಯ ಗೋಡೆಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಅಂಚಿಗೆ ನಿಂತು, ಏಣಿ ಹೊತ್ತು ಬರುವ ಸೈನಿಕನ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಳ್ಳಿ. ಮೊದಲ ಕಂದಕಕ್ಕೆ ಇಳಿಯಬೇಕು, ಬಂಡೆಯ ಗೋಡೆ ಹತ್ತಬೇಕು, ಅದರ ನೆತ್ತಿಯ ಮೇಲೆ ಬಯಲಾಗಿ ನಿಲ್ಲಬೇಕು, ಮತ್ತೆ ಇಳಿಯಬೇಕು. ಅವನು ಮೇಲೆ ಬಂದಾಗಲೆಲ್ಲ ಬುರುಜಿನವರ ಗುರಿಗೆ ಸಿಗುತ್ತಾನೆ. ತುಂಬಿಸುವುದಾದರೆ ಒಂದಲ್ಲ, ಮೂರು ಕಂದಕಗಳನ್ನು ತುಂಬಿಸಬೇಕು. ನೆಲ ಬಲವಾಗಿರುವಲ್ಲಿ ಕಟ್ಟಡ ಹಗುರ, ನೆಲ ಸೋತಲ್ಲಿ ಕಟ್ಟಡ ಭಾರ. ಈ ಹಂಚಿಕೆ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಕೋಟೆ ಈ ಮೂರು ಜಿಲ್ಲೆಗಳಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಬೀದರ್ ಬಿತ್ತು, ಮತ್ತು ಬಿದ್ದ ರೀತಿ ಕಲಿಯಬೇಕಾದದ್ದು. 1657ರ ವಸಂತದಲ್ಲಿ ಔರಂಗಜೇಬ್ ಮುತ್ತಿಗೆ ಹಾಕಿದಾಗ ಕೋಟೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು, ಸಿದ್ದಿ ಮರ್ಜಾನ್ ಕಿಲ್ಲೇದಾರ, ಅಂದರೆ ಕೋಟೆಯ ಅಧಿಕಾರಿ. ಮೊಗಲರ ಸೇನಾನಿ ಮೀರ್ ಜುಮ್ಲಾ ಕಂದಕದ ಅಂಚಿನವರೆಗೆ ಮೋರ್ಚಾಗಳನ್ನು (ಮುತ್ತಿಗೆಯ ಮರೆನೆಲೆಗಳನ್ನು) ತಂದು, ಕಂದಕ ತುಂಬಿಸುತ್ತ, ತೋಪಿನಿಂದ ಬುರುಜುಗಳನ್ನು ಒಡೆದ. ಕೊನೆಯ ದಾಳಿಯ ದಿನ ಮೊಗಲರ ಮದ್ದಿನ ಬಾಣದ (ರಾಕೆಟ್ಟಿನ) ಕಿಡಿಯೊಂದು ಒಳಗಿನವರ ಮದ್ದಿನ ಸಂಗ್ರಹಕ್ಕೆ ಬಿದ್ದು ಸ್ಫೋಟವಾಯಿತು. ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ನೆಲಹಿಡಿದ. 27 ದಿನಗಳಲ್ಲಿ ಕೋಟೆ ಕೈಬಿಟ್ಟಿತು. ಏಟು ಬೀಳುವ ಜಾಗದಲ್ಲೇ ನಾಯಕ, ಮದ್ದು, ಮೀಸಲು ಎಲ್ಲವೂ ಒತ್ತಟ್ಟಿಗಿದ್ದಾಗ ಒಂದು ಕಿಡಿಗೆ ಅಷ್ಟೂ ಹೋಗುತ್ತದೆ. ಅದಕ್ಕೂ ಮುಂಚೆ, 1462ರಲ್ಲಿ, ಮಾಳವದ ಮಹಮೂದ್ ಖಿಲ್ಜಿ ಬೀದರ್ ನಗರದೊಳಕ್ಕೆ ಬಂದರೂ ಗುಜರಾತಿನ ಸುಲ್ತಾನನ ಸೈನ್ಯ ನೆರವಿಗೆ ಬಂದು ರಾಜ್ಯ ಉಳಿದಿತ್ತು. 1657ರಲ್ಲಿ ಹೊರಗಿನ ನೆರವು ಹೊತ್ತಿಗೆ ಮುಟ್ಟಲಿಲ್ಲ. ಮುತ್ತಿಗೆಗೆ ಸಿಕ್ಕ ಕೋಟೆ ಕೊಂಡುಕೊಳ್ಳುವುದು ಕಾಲವನ್ನು, ಆ ಕಾಲವನ್ನು ಬಳಸಿಕೊಳ್ಳುವ ಇನ್ನೊಂದು ಸೈನ್ಯ ಹೊರಗೆ ಇರಬೇಕು.

ನೀರಿನ ಮಟ್ಟಿಗೂ ಬೀದರ್ ಮುಂದಿದೆ. ಬೀದರಿನ ನೌಬಾದಿನಲ್ಲಿ ಸುರಂಗ ಬಾವಿ ಎಂದು ಕರೆಯುವ ಕರೇಜ್ ವ್ಯವಸ್ಥೆಯನ್ನು ಇವತ್ತಿಗೂ ನೋಡಬಹುದು. ಜಂಬಿಟ್ಟಿಗೆಯಲ್ಲಿ ಇಂಗಿದ ನೀರನ್ನು ನೆಲದಡಿಯ ಕಾಲುವೆಯಲ್ಲಿ ಹರಿಸಿ, ನಡುನಡುವೆ ಬಾವಿಗಳಿಂದ ಮೇಲೆತ್ತುವ ಪರ್ಷಿಯಾ ಮೂಲದ ಏರ್ಪಾಟು ಅದು. ಕಲಬುರಗಿಯಿಂದ ಬೀದರಿಗೆ ರಸ್ತೆಯಲ್ಲಿ ಸುಮಾರು 110 ಕಿಲೋಮೀಟರ್, 2017ರಿಂದ ನೇರ ರೈಲು ಮಾರ್ಗವೂ ಇದೆ. ಕೋಟೆಯೊಳಗೆ ಬಹುಪಾಲು ಸಪಾಟು ನಡಿಗೆ. ವಯಸ್ಸಾದವರಿಗೂ ಚಿಕ್ಕ ಮಕ್ಕಳಿಗೂ ಇದೇ ಅನುಕೂಲ.

ಬಸವಕಲ್ಯಾಣ: ಹೊರಗಿನವನ ಕಷ್ಟ ತಿಳಿಯಲು

ಬೀದರ್ ಗೆದ್ದ ಔರಂಗಜೇಬ್ ಅದೇ ವರ್ಷ ಕಲ್ಯಾಣಕ್ಕೆ ಬಂದ, ಅಲ್ಲಿ ಅವನಿಗೆ ತಿಂಗಳುಗಟ್ಟಲೆ ಹಿಡಿಯಿತು. ಕೋಟೆ ಬೀದರಿನಷ್ಟು ದೊಡ್ಡದಲ್ಲ, ಆದರೆ ಈ ಸಲ ಹೊರಗೆ ಬಿಜಾಪುರದ ಸೈನ್ಯ ಸುಳಿದಾಡುತ್ತಿತ್ತು. ಒಳಗೆ ಕಿಲ್ಲೇದಾರ ದಿಲಾವರ್ ಹಬ್ಶಿ ಗೋಡೆ ಬಿಡುತ್ತಿಲ್ಲ, ಹೊರಗೆ ಬಿಜಾಪುರದ ಸವಾರರು ಮೇವು ತರಲು ಹೋದವರನ್ನು, ಬೀದರಿನಿಂದ ಬರುವ ಸಾಮಾನಿನ ಸಾಲುಗಳನ್ನು ಹಿಡಿಯುತ್ತಿದ್ದಾರೆ. ಮೊಗಲರು ಒಳಮುಖವಾಗಿ ಒಂದು ಸಾಲು, ಹೊರಮುಖವಾಗಿ ಇನ್ನೊಂದು ಸಾಲು ಕಾಯಬೇಕಾಯಿತು. ಇದ್ದ ಸೈನ್ಯ ಎರಡು ಪಾಲಾಗಿ ಎರಡೂ ತೆಳುವಾದವು. ಮೇ ಕೊನೆಯಲ್ಲಿ ಮುತ್ತಿಗೆಗೆ ಒಂದಿಷ್ಟು ಜನರನ್ನು ಬಿಟ್ಟು, ಉಳಿದವರನ್ನೆಲ್ಲ ಕಟ್ಟಿಕೊಂಡು ಹೊರಗಿನ ಸೈನ್ಯದ ಮೇಲೆ ಬಿದ್ದ ಮೇಲೆಯೇ ಔರಂಗಜೇಬನಿಗೆ ಉಸಿರಾಟ ಸಲೀಸಾಯಿತು. ಜುಲೈ ಕೊನೆಗೆ ಕೋಟೆ ಶರಣಾಯಿತು.

ತೆಳುವಾದ ಸಾಲಿನಿಂದ ಜನರನ್ನು ಕಿತ್ತು ಒಂದೆಡೆ ಕೂಡಿಸುವ ಧೈರ್ಯ ಸೇನಾನಿಗೆ ಎಷ್ಟು ಕಷ್ಟದ್ದು ಎಂದು ತಿಳಿಯಬಯಸುವವರಿಗೆ ಈ ಕಥೆಗಿಂತ ಒಳ್ಳೆಯ ಪಾಠ ಸಿಗದು. ಆದರೆ ಇದು ಓದಿಕೊಂಡು ಹೋದವರಿಗೆ ಮಾತ್ರ ಫಲ ಕೊಡುವ ಜಾಗ, ಏಕೆಂದರೆ ಕದನ ನಡೆದ ಹೊರನೆಲದಲ್ಲಿ ಗುರುತುಗಳು ಉಳಿದಿಲ್ಲ. ಕಲಬುರಗಿಯಿಂದಲೂ ಬೀದರಿನಿಂದಲೂ ಸುಮಾರು 80 ಕಿಲೋಮೀಟರ್. ಬಸವಣ್ಣನವರ ಕಾರ್ಯಕ್ಷೇತ್ರವನ್ನು ನೋಡಲು ಹೇಗೂ ಹೋಗುವವರು ಕೋಟೆಗೆ ಎರಡು ತಾಸು ಎತ್ತಿಟ್ಟರೆ ಬೇರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಗುಡ್ಡದ ಎರಡು: ಯಾದಗಿರಿ ಮತ್ತು ವಾಗಣಗೇರಾ

ಯಾದಗಿರಿಯ ಕೋಟೆ ಊರಿನ ನೆತ್ತಿಯ ಮೇಲಿನ ಬಂಡೆಗುಡ್ಡದಲ್ಲಿದೆ. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ ಇಳಿದು, ಊರೊಳಗಿನಿಂದಲೇ ಮೆಟ್ಟಿಲು ಹತ್ತಬಹುದು. ಹತ್ತುವ ದಾರಿಯಲ್ಲಿ ಬಾಗಿಲಾದ ಮೇಲೆ ಬಾಗಿಲು ಬರುತ್ತದೆ, ದಾರಿ ಬಂಡೆಗಳ ನಡುವೆ ತಿರುಗುತ್ತದೆ. ಮೇಲಿನವರು ಕಲ್ಲು ಉರುಳಿಸಿದರೂ ಸಾಕು ಎನಿಸುತ್ತದೆ. ಮೇಲೆ ಬಂಡೆಯಲ್ಲಿ ಮಳೆನೀರು ನಿಲ್ಲುವ ಹೊಂಡಗಳಿವೆ. ಗುಡ್ಡದ ಕೋಟೆ ಎಷ್ಟು ದಿನ ತಾಳಬಲ್ಲದು ಎಂಬುದನ್ನು ನಿರ್ಧರಿಸುತ್ತಿದ್ದುದು ಗೋಡೆಗಿಂತ ಹೆಚ್ಚಾಗಿ ಇಂಥ ಹೊಂಡಗಳೇ. ಕಡಿಮೆ ಖರ್ಚಿನಲ್ಲಿ, ಅರ್ಧ ದಿನದಲ್ಲಿ, ಎತ್ತರದ ಪಾಠ ಕಲಿಯಬೇಕೆನ್ನುವವರಿಗೆ ಇದು ಸರಿ. ಮೊಣಕಾಲು ನೋವಿದ್ದವರಿಗೆ ಸಲ್ಲದು.

ವಾಗಣಗೇರಾ ಬೇರೆಯೇ ಮಾತು. ಸುರಪುರದ ಸುತ್ತ ಗುಡ್ಡಗಳ ಗುಂಪೇ ಇದೆ. ಅವುಗಳಲ್ಲೊಂದರ ಮೇಲೆ ಬೇಡ ನಾಯಕರ ಈ ನೆಲೆ. ಬಂದೂಕಿನ ಗುರಿಗೆ ಹೆಸರಾದ ಬೇಡರ ಪಡೆ, ನಾಯಕ ಪಿಡ್ಡನಾಯಕ. 1705ರ ಫೆಬ್ರವರಿಯಲ್ಲಿ, ವಯಸ್ಸು 86 ಆಗಿದ್ದ ಔರಂಗಜೇಬ್ ಸ್ವತಃ ಮುತ್ತಿಗೆಗೆ ಬಂದ. ಅದು ಅವನ ಕೊನೆಯ ಮುತ್ತಿಗೆ.

ಮೊದಲಲ್ಲೇ ಮೊಗಲರ ಸರದಾರರು ಮೋರ್ಚಾ ಹಾಕಲು ಜಾಗ ನೋಡುತ್ತ ಬಂದು, ಲಾಲ್ ಟೇಕಡಿ ಎಂಬ ಕೆಂಪು ದಿಬ್ಬವನ್ನು ಒಮ್ಮೆಗೇ ಹಿಡಿದರು. ಅಲ್ಲಿಂದ ಕೋಟೆ ಗುರಿಯೊಳಗೆ ಸಿಗುತ್ತಿತ್ತು. ಆದರೆ ದಿಬ್ಬದ ನೆತ್ತಿ ಅವರದಾದರೂ ಬುಡ ಅವರದಾಗಲಿಲ್ಲ. ಬೇಡರು ಕೆಳಗಿನಿಂದ ಸುತ್ತುಗಟ್ಟಿ ಗುಂಡು, ಕಲ್ಲುಗಳ ಮಳೆಗರೆದರು. ಮೇಲಿದ್ದವರಿಗೆ ನೆರವು ಮುಟ್ಟದೆ ದಿಬ್ಬ ಬಿಟ್ಟು ಬರಬೇಕಾಯಿತು. ಎತ್ತರ ಸಿಕ್ಕಿತೆಂದು ಹಿಗ್ಗುವ ಮುಂಚೆ ಅಲ್ಲಿಗೆ ಅನ್ನ, ನೀರು, ಮದ್ದು ಯಾವ ದಾರಿಯಿಂದ ಬರುತ್ತದೆ ಎಂದು ಕೇಳಬೇಕು ಎಂಬುದನ್ನು ಈ ದಿಬ್ಬದ ಎದುರು ನಿಂತು ಮಕ್ಕಳಿಗೆ ಹೇಳಿದರೆ ಅವರು ಜನ್ಮದಲ್ಲಿ ಮರೆಯುವುದಿಲ್ಲ.

ಮುಂದೆ ವಾರಗಟ್ಟಲೆ ಮೊಗಲರ ಸಾಲೇ ತತ್ತರಿಸಿತು. ಗುಡ್ಡ, ಕೊರಕಲುಗಳ ನಡುವೆ ಕೋಟೆಯನ್ನು ಪೂರ್ತಿ ಸುತ್ತುವರಿಯಲಾಗಲಿಲ್ಲ. ಪಿಡ್ಡನಾಯಕ ಸಂಧಿಯ ಮಾತು ನಡೆಸುತ್ತ ಕಾಲ ತಳ್ಳಿದ. ಧನಾಜಿ ಜಾಧವನ ಮರಾಠಾ ಪಡೆ ಬಂದು, ಒಳಗಿದ್ದ ಹೆಂಗಸರು ಮಕ್ಕಳನ್ನು ಹೊರಗೆ ಸಾಗಿಸಿಕೊಂಡು ಹೋಯಿತು. ಮೊಗಲರ ಸೇನಾನಿ ಜುಲ್ಫಿಕರ್ ಖಾನ್ ಬಂದ ಮೇಲೆ ಲಾಲ್ ಟೇಕಡಿಯನ್ನು ಮತ್ತೆ ಹಿಡಿದು, ಬೇಡರು ನೀರು ತರುತ್ತಿದ್ದ ಬಾವಿಗಳನ್ನು ಕಸಿದುಕೊಂಡ ನಂತರವೇ ಕೋಟೆಯ ದಿನ ಎಣಿಕೆಗೆ ಬಂತು. ಏಪ್ರಿಲ್ ಕೊನೆಯ ಒಂದು ರಾತ್ರಿ ಒಳಗಿನವರು ಮನೆಗಳಿಗೆ ಬೆಂಕಿಯಿಟ್ಟು ಮೆಲ್ಲಗೆ ಹೊರಟುಹೋದರು. ಬಾದಶಹನಿಗೆ ಸಿಕ್ಕಿದ್ದು ಖಾಲಿ ಗುಡ್ಡ. ಸೈನ್ಯದ ಸಂಖ್ಯೆಯಲ್ಲಿ ಎಷ್ಟೋ ಪಟ್ಟು ದೊಡ್ಡವನಾಗಿದ್ದವನ ಸಾಲನ್ನು ನೆಲ ಹೇಗೆ ಜರಡಿಯಂತಾಗಿಸಿತು ಎಂಬುದಕ್ಕೆ ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಇದೇ ಗುಡ್ಡಗಾಡಿನಲ್ಲಿ 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರನ್ನು ಎದುರಿಸಿದ.

ಇಲ್ಲಿಯ ಕಷ್ಟಗಳನ್ನೂ ಮುಚ್ಚಿಡಬಾರದು. ಕಲಬುರಗಿಯಿಂದ ಸುರಪುರ ನೂರು ಕಿಲೋಮೀಟರಿಗೂ ಹೆಚ್ಚು, ಮುಂದೆ ವಾಗಣಗೇರಾಕ್ಕೆ ಬೇರೆ ಗಾಡಿ ಬೇಕು. ಬೀದರಿನಲ್ಲಿ ಸಿಗುವ ಫಲಕ, ವಸ್ತುಸಂಗ್ರಹಾಲಯಗಳು ಇಲ್ಲಿ ಸಿಗುತ್ತವೆಂದು ಎಣಿಸಬೇಡಿ. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡರೆ ದಾರಿ, ದಿಬ್ಬ, ಬಾವಿಗಳ ಹೆಸರು ತಿಳಿಯುತ್ತದೆ. ಮುಳ್ಳು, ಕಲ್ಲಿನ ದಾರಿಗೆ ಗಟ್ಟಿ ಬೂಟು ಬೇಕು.

ಯಾರಿಗೆ ಯಾವುದು

ಶಾಲೆಯ ಮಕ್ಕಳೊಂದಿಗೆ ಒಂದೇ ದಿನ ಇದ್ದರೆ ಬೀದರ್. ಅದು ಒಂದೇ ಕಡೆ ಪ್ರಪಾತ, ಕಂದಕ, ನೀರು ಮೂರನ್ನೂ ತೋರಿಸುತ್ತದೆ, ಮತ್ತು ಎಲ್ಲವೂ ಇವತ್ತಿಗೂ ಓದಲು ಸಿಗುವಂತಿವೆ. ಬೀದರಿನವರೇ ಆಗಿದ್ದು ಕೋಟೆ ನೋಡಿ ನೋಡಿ ಸವೆದಿದ್ದರೆ, ಅದೇ ಹಣದಲ್ಲಿ ಕಲಬುರಗಿಗೆ ಬಂದು ಬಯಲಿನ ಕೋಟೆಯನ್ನು ನೋಡಿ; ಹೋಲಿಕೆಯಿಂದ ಬೀದರ್ ಹೊಸದಾಗಿ ಅರ್ಥವಾಗುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದು ಕಾಲಲ್ಲಿ ಬಲವಿದ್ದರೆ ರೈಲಿನಲ್ಲಿ ಯಾದಗಿರಿ. ಸೈನ್ಯಕ್ಕೆ ಹೋಗಬೇಕೆನ್ನುವ ಹುಡುಗರಿಗೆ ಮತ್ತು ಸಂಶೋಧನೆಗೆ ವಿಷಯ ಹುಡುಕುವವರಿಗೆ, ಎಷ್ಟೇ ತೊಂದರೆಯಾದರೂ ವಾಗಣಗೇರಾ. ಬೇರೆ ಕಡೆ ಕಟ್ಟಡ ನೋಡುತ್ತೇವೆ, ಇಲ್ಲಿ ನೆಲವನ್ನೇ ನೋಡುತ್ತೇವೆ.

ಎರಡು ದಿನ ಸಿಕ್ಕರೆ ಮೊದಲು ಬೀದರ್, ಮರುದಿನ ಮರಳುವಾಗ ಬಸವಕಲ್ಯಾಣ. 1657ರ ಎರಡು ಮುತ್ತಿಗೆಗಳನ್ನು ಅವು ನಡೆದ ಕ್ರಮದಲ್ಲೇ ನೋಡಿದಂತಾಗುತ್ತದೆ. ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸುಗಳ ಪ್ರಯಾಣ ಉಚಿತವಾಗಿರುವುದರಿಂದ ಶಿಕ್ಷಕಿಯರು, ವಿದ್ಯಾರ್ಥಿನಿಯರು ಗುರುತಿನ ಚೀಟಿ ಇಟ್ಟುಕೊಂಡು ಬಸ್ಸಿನ ದಾರಿಯನ್ನೇ ಆರಿಸಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಎಲ್ಲ ಆರಕ್ಕೂ ಒಳ್ಳೆಯವು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಯಾದಗಿರಿ ಮತ್ತು ವಾಗಣಗೇರಾದ ಬಂಡೆಗಳ ಮೇಲೆ ಮಕ್ಕಳನ್ನು ಹತ್ತಿಸಬೇಡಿ. ಹೋಗುವಾಗ ಒಂದು ದಿಕ್ಸೂಚಿ, ಒಂದು ನಕಾಶೆ, ಬಿಳಿ ಹಾಳೆ ಇರಲಿ. ಪ್ರತಿ ಬುರುಜಿನ ಮೇಲೆ ನಿಂತು, ಅಲ್ಲಿಂದ ಕಾಣುವ ನೆಲಕ್ಕೆ ಒಂದು ಬಣ್ಣ, ಕಾಣದ ನೆಲಕ್ಕೆ ಇನ್ನೊಂದು ಬಣ್ಣ ಹಚ್ಚಿಸಿ. ಎರಡನೆಯ ಬಣ್ಣ ದಟ್ಟವಾಗಿರುವ ಕಡೆಗೆ ನೀವಾಗಿದ್ದರೆ ಎಷ್ಟು ಜನರನ್ನು ಕಳಿಸುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿ, ಅವರ ಉತ್ತರವನ್ನು ಅದೇ ಹಾಳೆಯ ಮೇಲೆ ಬರೆಸಿ.